ಸ್ಕ್ರೂ ಮೇಲಿನ ಹಳದಿ ಬಣ್ಣ

ಅದು ೨೦೦೨ರ ಡಿಸೆಂಬರ್. ವನಗೂರಿನ ಏರಿನಲ್ಲಿ ಮಧುಶ್ರೀಯ ಕಾರು ಮೂರನೆಯ ಸಲ ನಿಂತುಹೋದ ದಿನ, ಅವಳ ಗಂಡ, ಅಂದರೆ ನನ್ನ ಮಗ ರಾಜಶೇಖರ, ಕಾಫಿ ಕಣದಲ್ಲಿ ಆಳುಗಳ ಎದುರಿಗೇ ಅವಳ ಕೈಯಿಂದ ಕೀ ಕಿತ್ತುಕೊಂಡ.

"ನಿಂಗೆ ಕ್ಲಚ್ ಬಿಡೋಕೇ ಬರಲ್ಲ. ಕಾರು ಮಾರ್ಬಿಡ್ತೀನಿ. ನಾಳೆಯಿಂದ ಸ್ಕೂಲೂ ಬೇಡ."

ವನಗೂರಿನ ಶಾಲೆಯಲ್ಲಿ ಸೊಸೆ ಟೀಚರ್. ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಕಾರು ಹೋದರೆ ಕೆಲಸವೂ ಹೋಯಿತು.

ಅಂದು ನಾನೂ ಕಾರಿನಲ್ಲಿದ್ದೆ. ತಿರುವಿನಲ್ಲಿ ಅವಳು ಗೇರು ಬದಲಿಸಲು ಕ್ಲಚ್ ಒತ್ತಿ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಎಂಜಿನ್ ಒಮ್ಮೆ ನಡುಗಿ ಆರಿಹೋಯಿತು. ಕಾರು ಹಿಂದಕ್ಕೆ ಜಾರಿತು. ಹಿಂದೆ ಬರುತ್ತಿದ್ದ ಜೀಪಿನವನು ಹಾರ್ನ್ ಹೊಡೆಯಲಿಲ್ಲ. ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟು, "ನಿಧಾನಕ್ಕೆ ಮಾಡಕ್ಕ, ನಮಗೇನ್ ಅವಸರ ಇಲ್ಲ" ಎಂದು ಬೀಡಿ ಹಚ್ಚಿದ. ಗುರುತಿಲ್ಲದವನಿಗಿದ್ದ ತಾಳ್ಮೆ ನಾನು ಹೆತ್ತವನಿಗಿರಲಿಲ್ಲ.

"ಮಾರೋಕೆ ಮುಂಚೆ ಸಕಲೇಶಪುರದ ಗ್ಯಾರೇಜಲ್ಲಿ ತೋರಿಸು. ನಾನೂ ಮಧುಶ್ರೀನೂ ಬರ್ತೀವಿ" ಎಂದೆ ಮಗನಿಗೆ.

ಗ್ಯಾರೇಜಿನ ಮಂಜುನಾಥ ಹೊಸ ಕಾರುಗಳ ಕೆಲಸ ಬಲ್ಲವನು. ಬಾನೆಟ್ ಎತ್ತಿ, ಒಳಗೆ ಟಾರ್ಚ್ ಬಿಟ್ಟು ನೋಡಿದ.

"ಅಣ್ಣ, ಇದು ಇಂಜೆಕ್ಷನ್ ಗಾಡಿ. ಐಡ್ಲಿಂಗು, ಅಂದ್ರೆ ನಿಂತಲ್ಲಿ ಎಂಜಿನ್ ಎಷ್ಟು ಓಡ್ಬೇಕು ಅನ್ನೋದನ್ನ ಕಂಪ್ಯೂಟರೇ ನೋಡ್ಕಂತೈತೆ. ಚಳೀಲಿ ಜೋರಾಗಿ ಓಡಿಸ್ತೈತೆ, ಬಿಸಿ ಆದ್ಮೇಲೆ ತಾನೇ ಇಳಿಸ್ತೈತೆ. ಈ ಸ್ಕ್ರೂ ಯಾರೂ ಮುಟ್ಬಾರ್ದು ಅಂತ್ಲೇ ಕಂಪ್ನಿಯೋರು ಹಳದಿ ಬಣ್ಣ ಬಳಿದಿರೋದು. ಬಣ್ಣ ಒಡೆದ್ಬುಟ್ಟೈತೆ ನೋಡಿ. ಇದು ಇಳಿದ್ರೆ, ಬಿಸಿ ಆದ್ಮೇಲೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ಎಂಜಿನ್ ಆಫ್ ಆಗ್ತೈತೆ."

ಆಮೇಲೆ ನನ್ನ ಮಗನ ಮುಖ ನೋಡಿ ದನಿ ತಗ್ಗಿಸಿದ. "ನಮ್ ರೋಡಿನ ಗುಂಡಿಗೆ ಅಲ್ಲಾಡಿ ಸಡ್ಲ ಆಗಿರ್ಬೋದು ಬಿಡಿ."

ಗಿರಾಕಿಯ ಮಾನ ಉಳಿಸುವ ಸಣ್ಣ ಸುಳ್ಳು. ಬೇರೆ ದಿನವಾಗಿದ್ದರೆ ಒಳ್ಳೆಯ ಹುಡುಗ ಎಂದುಕೊಳ್ಳುತ್ತಿದ್ದೆ. ಅಂದು ಮೈ ಉರಿದುಹೋಯಿತು.

ಹೋದ ತಿಂಗಳು ಒಂದು ಚಳಿಯ ಬೆಳಿಗ್ಗೆ, "ನಿಂತಲ್ಲೇ ಇಷ್ಟು ಪೆಟ್ರೋಲ್ ಕುಡೀತದೆ" ಎಂದು ರಾಜಶೇಖರ ಅದೇ ಸ್ಕ್ರೂ ತಿರುಗಿಸಿದ್ದ, ಹದಿನೈದು ವರ್ಷ ತೋಟದ ಜೀಪಿಗೆ ಮಾಡಿದ ಹಾಗೆ. ಸ್ವಲ್ಪ ಹೊತ್ತಿಗೆ ಸದ್ದು ಇಳಿದಾಗ "ನೋಡಮ್ಮ" ಎಂದು ಹಿಗ್ಗಿದ್ದ. ಅದು ಎಂಜಿನ್ ಬಿಸಿಯಾಗಿ ಇಳಿದದ್ದೆಂದು ಈಗ ತಿಳಿಯಿತು. ಸ್ಕ್ರೂಡ್ರೈವರ್ ತಂದುಕೊಟ್ಟವಳು ನಾನೇ.

"ಮಂಜುನಾಥ, ಗುಂಡಿ ಸ್ಕ್ರೂಡ್ರೈವರ್ ಹಿಡ್ಕೊಂಡು ಬರಲ್ಲ. ತಿರುಗಿಸಿದೋನು ಇಲ್ಲೇ ನಿಂತಿದ್ದಾನೆ."

"ಅಮ್ಮ, ನಾಲ್ಕು ಜನದ ಮುಂದೆ..." ಎಂದ ರಾಜಶೇಖರ.

"ಅವಳಿಗೆ ಕ್ಲಚ್ ಪಾಠ ಹೇಳ್ದಾಗ ಕಣದಲ್ಲಿ ಎಷ್ಟು ಜನ ಇದ್ರು?"

ಮಂಜುನಾಥ ತಲೆ ತಗ್ಗಿಸಿ ಕೆಲಸ ಹಿಡಿದ. ಕಾರು ಒಂದೇ ಸಮನೆ ಓಡತೊಡಗಿದಾಗ ರಾಜಶೇಖರ ಡ್ರೈವರ್ ಸೀಟಿನ ಬಾಗಿಲಿಗೆ ಹೋದ. ಅಲ್ಲಿ ಮಧುಶ್ರೀ ನಿಂತಿದ್ದಳು.

"ಕೀ" ಎಂದು ಕೈ ಚಾಚಿದಳು.

"ಮನೆಗೆ ಹೋದ್ಮೇಲೆ ಕೊಡ್ತೀನಿ."

"ಕಿತ್ಕೊಂಡಿದ್ದು ಎಲ್ಲರ ಎದುರಿಗೆ. ಇಲ್ಲೇ ಕೊಡಿ."

ಅವನು ಎಂಜಿನ್ ಆರಿಸಿ, ಕೀ ತೆಗೆದು ಕೊಟ್ಟ. ನಾನು ಮುಂದಿನ ಸೀಟಿನಲ್ಲಿ ಕೂತೆ, ಅವನು ಹಿಂದೆ. ಮೊದಲ ಏರಿನ ತಿರುವಿನಲ್ಲಿ ಅವಳು ಬೇಕೆಂದೇ ಕ್ಲಚ್ ಒತ್ತಿ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಎಂಜಿನ್ ಸಣ್ಣ ದನಿಯಲ್ಲಿ ಓಡುತ್ತಲೇ ಇತ್ತು.

"ಎರಡನೇ ಗೇರು" ಎಂದ ಮಗ ಹಿಂದಿನಿಂದ.

"ನೀನು ಬಾಯಿ ಮುಚ್ಕೊಂಡು ಕೂತ್ಕೊ" ಎಂದೆ.