ಹೆಪ್ಪಿನ ಜಾಡಿ

ನೊರೆಯಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಊರಿನ ಹಳೇ ಬಿಯರ್ ಕಾರ್ಖಾನೆಯಲ್ಲಿ ಅವಳಪ್ಪ ಮೂವತ್ತೆಂಟು ವರ್ಷ ಬಿಯರ್ ಕುದಿಸಿದವನು. ಹಂಡೆ ಹದಕ್ಕೆ ಬಂತೋ ಇಲ್ಲವೋ ಅಂತ ಮಗಳು ನೊರೆ ನೋಡಿಯೇ ಹೇಳಿಬಿಡುತ್ತಿದ್ದಳು. ಆಗ ಊರಲ್ಲಿ ಇಂಥ ಕಾರ್ಖಾನೆ ನಾಲ್ಕಿದ್ದವು. ದೊಡ್ಡ ಕಂಪನಿಯ ಲಾರಿ ಬಂದದ್ದೇ ತಡ, ಒಂದೊಂದಾಗಿ ಮುಚ್ಚಿದವು. ಕೊನೆಗೆ ಅಪ್ಪನ ಕಾರ್ಖಾನೆಗೂ ಬೀಗ ಬಿದ್ದ ದಿನ ಅವನು ಒಂದು ಜಾಡಿ ಯೀಸ್ಟನ್ನು ಎದೆಗವಚಿಕೊಂಡು ಮನೆಗೆ ಬಂದ. ಕಾರ್ಖಾನೆಯವರು ಅದನ್ನು ಹೆಪ್ಪು ಅನ್ನುತ್ತಿದ್ದರು. ಒಂದು ಹಂಡೆಯ ತಳದಿಂದ ತೆಗೆದು ಮುಂದಿನ ಹಂಡೆಗೆ ಹಾಕಬೇಕು. ಹೆಪ್ಪು ಎತ್ತಿಡುವ ತನಕ ಯಾರೂ ಒಂದು ಗುಟುಕೂ ಕುಡಿಯುವಂತಿಲ್ಲ, ಧಣಿಯಾದರೂ ಸರಿ. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ವಾರವಾರವೂ ಮೊಳಕೆ ಬಾರ್ಲಿಯ ನೀರು ಹಾಕಿ ಅದನ್ನು ಸಾಕಿದವಳು ಇವಳೇ.

ಈಗ ಆ ಕಾರ್ಖಾನೆಯ ಧಣಿಯ ಮೊಮ್ಮಗ ಅದೇ ಜಾಗದಲ್ಲಿ ಪಬ್ ತೆರೆದಿದ್ದ. "ಅಕ್ಕಾ, ಊರಿನ ಬಿಯರಿನ ಇತಿಹಾಸವೆಲ್ಲ ಗೋಡೆ ಮೇಲೆ ಹಾಕ್ತೀನಿ" ಅಂತ ಬೆಣ್ಣೆ ಹಚ್ಚಿ, ಅರ್ಧ ಹೆಪ್ಪನ್ನೂ ಅಪ್ಪ ಧಣಿಯ ಜೊತೆ ನಿಂತ ಫೋಟೊವನ್ನೂ ಇಸಕೊಂಡು ಹೋಗಿದ್ದ. ಮನೆಯಲ್ಲಿ ಅಪ್ಪನ ಮುಖ ಅಂತ ಇದ್ದದ್ದು ಅದೊಂದೇ ಫೋಟೊ. ಮೂರು ತಿಂಗಳೂ ಆಗಲಿಲ್ಲ, ಅವನ ಕೆಲಸದವರು ಹೆಪ್ಪು ಎತ್ತಿಡದೆ ಹಂಡೆಗೆ ಕುದಿನೀರು ಸುರಿದು ಫಳಫಳ ತೊಳೆದುಬಿಟ್ಟರು, ಹೆಪ್ಪು ಸತ್ತೇಹೋಯಿತು. ಬುದ್ಧಿವಂತರು! ಮೊಮ್ಮಗ ಫೋನಲ್ಲಿ ಗೋಗರೆದ. ಅಯ್ಯೋ ಪಾಪ ಅಂತ ನೊರೆಯಕ್ಕ ಉಳಿದ ಜಾಡಿ ಎತ್ತಿಕೊಂಡು ಮಟಮಟ ಮಧ್ಯಾಹ್ನವೇ ಹೊರಟಳು.

ಪಬ್ಬಿನ ಒಳಗೆ ಕಾಲಿಟ್ಟವಳ ಕಣ್ಣು ಗೋಡೆಗೆ ಬಿತ್ತು. ನಾಲ್ಕೂ ಕಾರ್ಖಾನೆಗಳು, ಧಣಿಗಳು, ಧಣಿಯ ಕಾರು, ಧಣಿಯ ನಾಯಿ ಕೂಡ. ನಡುವೆ ಅವಳು ಕೊಟ್ಟ ಫೋಟೊ. ಹಂಡೆಯ ಪಕ್ಕ ಧಣಿ ಹಲ್ಲು ಕಿರಿಯುತ್ತಿದ್ದಾನೆ. ಹಂಡೆಯ ಅಂಚಿನ ಮೇಲೆ ಒಂದು ಕೈ ಇದೆ, ಮೊಣಕೈಯಿಂದಾಚೆಗೆ ಮನುಷ್ಯನೇ ಇಲ್ಲ. ಕೆಳಗೆ ಬರೆದಿತ್ತು: "ಈ ರುಚಿಯನ್ನು ಕಂಡುಹಿಡಿದವರು ನಮ್ಮ ತಾತ."

"ನಮ್ಮಪ್ಪ ಎಲ್ಲೋ?"

"ಫ್ರೇಮಿಗೆ ಹಿಡಿಸ್ಲಿಲ್ಲ ಅಕ್ಕಾ, ಸ್ವಲ್ಪ ಕತ್ತರಿಸಿದ್ವಿ."

"ಆ ತುಂಡು?"

ಮೊಮ್ಮಗ ತಲೆ ಕೆರೆದುಕೊಂಡ. "ಕಸಕ್ಕೆ ಹೋಗಿರ್ಬೇಕು. ಬೇಜಾರು ಮಾಡ್ಕೋಬೇಡಿ, ನಿಮಗೆ ದಿನಾ ಒಂದು ಗ್ಲಾಸ್ ಬಿಟ್ಟಿ ಕೊಡ್ತೀನಿ."

ನೊರೆಯಕ್ಕನಿಗೆ ಅಂಗಾಲಿಂದ ನೆತ್ತಿಯ ತನಕ ಉರಿಯಿತು. "ನಾಯಿಗೆ ಜಾಗ ಇತ್ತಲ್ಲೋ ನಿನ್ನ ಗೋಡೆ ಮೇಲೆ! ನಿಮ್ಮ ತಾತನಿಗೆ ಹಂಡೆಯ ತಳ ಯಾವುದು ಬಾಯಿ ಯಾವುದು ಗೊತ್ತಿರ್ಲಿಲ್ಲ. ಉಂಡ ಮನೆಗೆ ಎರಡು ಬಗೆಯೋ ವಂಶ ನಿಮ್ದು!"

"ತಪ್ಪಾಯ್ತು ಅಕ್ಕಾ, ಎಷ್ಟು ಬೇಕೋ ಬೈಯಿರಿ. ಆದ್ರೆ ಹೆಪ್ಪು ಕೊಡಿ. ಶನಿವಾರಕ್ಕೆ ಜನ ಬರ್ತಾರೆ."

"ನಿಮ್ಮ ತಾತ ಕಂಡುಹಿಡಿದ್ರಲ್ಲ, ಇನ್ನೊಂದ್ಸಲ ಕಂಡುಹಿಡಿಯೋಕೆ ಹೇಳು."

ಮೊಳೆಯಿಂದ ಫೋಟೊ ಕಿತ್ತು ಒಂದು ಕಂಕುಳಲ್ಲಿ, ಜಾಡಿ ಇನ್ನೊಂದರಲ್ಲಿ ಇಟ್ಟುಕೊಂಡು ದಡದಡ ಹೊರಬಿದ್ದಳು. ಬೀದಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದಳು. ಮನೆಯ ಮೆಟ್ಟಿಲು ಹತ್ತುವಾಗ ಅಪ್ಪನ ಮಚ್ಚೆ ನೆನಪಾಯಿತು. ಎಡಗೆನ್ನೆಯಲ್ಲಿತ್ತೋ, ಬಲಗೆನ್ನೆಯಲ್ಲೋ? ಫ್ರೇಮನ್ನು ಎತ್ತಿ ನೋಡಿದಳು, ಅಪ್ಪನದು ಅಂತ ಆ ಕೈಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಅವಳಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.