ಹೇಳಿದ ಕಡೆ ವಾಲುವ ಭಾರ

ಹೋದ ವರ್ಷ ತಿಕೋಟಾದ ಬಯಲಿನಲ್ಲಿ ಡ್ರಮ್ಮುಗಳನ್ನು ಸುತ್ತಿ ಬರುವ ಕಾರ್ ಪಂದ್ಯ ನಡೆದಾಗ, ಬಬಲೇಶ್ವರದ ಸಣ್ಣಗೌಡರ ಕಾರಿನ ಹಿಂದೆ ಭಾರಕ್ಕೆಂದು ಕೂರಿಸಿದ್ದ ಆಳುಮಗ ಅಮೋಘಿಯ ಬಲಗೈ, ಕಾರು ಡ್ರಮ್ಮಿಗೆ ಬಡಿದಾಗ, ಮುರಿಯಿತು. ಕಾರಿಗೆ ಹೊಸ ಬಂಪರ್ ಬಂತು. ಗೌಡರಿಗೆ ಕಪ್ ಬಂತು.

ಈ ವರ್ಷದ ಪಂದ್ಯ ಭಾನುವಾರಕ್ಕಿತ್ತು. ವಿಜಾಪುರದ ಅಥಣಿ ರಸ್ತೆಯ ಗ್ಯಾರೇಜಿನಲ್ಲಿ ಮಿಸ್ತ್ರಿ ಅಲ್ಲಾಉದ್ದೀನ ಗೌಡರ ಆ ಅಂಬಾಸಿಡರ್ ಕಾರಿನ ಡೀಸೆಲ್ ಪಂಪು ಸರಿಮಾಡಿ, ಹಿಂದಿನ ಸ್ಪ್ರಿಂಗ್ ಪಾಟಾಕ್ಕೆ ಇನ್ನೊಂದು ಪಟ್ಟಿ ಸೇರಿಸಿದ್ದ. ದಿನಾ ಸಂತೆಗೆ, ಕೋರ್ಟಿಗೆ ಓಡಾಡುವ ಗಾಡಿ. ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಮೂತಿ ಭಾರವಾಗಿ, ತಿರುವಿನಲ್ಲಿ ಹಿಂಬದಿ ಜಾರುತ್ತಿತ್ತು.

"ಹಿಂದಿನ ಸೀಟ ಬಿಚ್ಚಲೇ ಮಿಸ್ತ್ರಿ," ಎಂದರು ಸಣ್ಣಗೌಡರು. "ಹಿಡಕೊಳ್ಳಾಕ ಒಂದು ಕಬ್ಬಿಣದ ಹಿಡಿಕಿ ಹಚ್ಚು. ಅಮೋಘಿ ಕೆಳಗ ಕೂಡತಾನ, ಅತ್ತಿತ್ತ ಸರಿಯಾಕ ಜಾಗಾ ಬೇಕು."

"ಎರಡು ಉಸುಕಿನ ಚೀಲಾ ಒಗಿರಲ್ರಿ ಗೌಡ್ರ."

"ಚೀಲಾ ತಿರುವಿನ್ಯಾಗ ವಾಲತಾವೇನಲೇ ಹುಚ್ಚಾ? ಮನಷ್ಯಾ ಆದ್ರ ಹೇಳಿದ ಕಡೆ ವಾಲತಾನ."

ಬಾಗಿಲಲ್ಲಿ ನಿಂತಿದ್ದ ಅಮೋಘಿ ಆ ಮಾತಿಗೂ ತಲೆಯಾಡಿಸಿದ. ಅವನ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು. "ಈ ಸಲ ಎಡಗೈಲೆ ಹಿಡಕೋತೀನಿ ಬಿಡೋ ಅಲ್ಲಾಉದ್ದೀನಾ," ಎಂದು ನಕ್ಕ.

ಅಲ್ಲಾಉದ್ದೀನ ನಗಲಿಲ್ಲ. ಹೋದ ವರ್ಷ ಆ ಸೀಟು ಬಿಚ್ಚಿದವನು ಅವನೇ. ಬಿಚ್ಚುವಾಗ ಹಾಡು ಗುನುಗಿದ್ದೂ ನೆನಪಿತ್ತು. ಪಾನಾ ತೆಗೆದುಕೊಂಡು ಕಾರಿನೊಳಗೆ ಬಗ್ಗಿ, ಸೀಟಿನ ಬೋಲ್ಟುಗಳನ್ನು ಒಂದೊಂದಾಗಿ ಇನ್ನಷ್ಟು ಬಿಗಿದ.

"ಮನಷ್ಯಾನ ಬೇಕಂದ್ರ ನಿಮ್ಮ ಮನಿ ಮಂದಿನ್ನ ಕೂಡಸ್ರಿ ಗೌಡ್ರ. ಈ ಸೀಟ ನಾ ಬಿಚ್ಚಂಗಿಲ್ಲ."