ಅಂಗೈ ಹಿಂದಿನ ಉಸಿರು

ಹೊಸ ಸಿಸ್ಟರಿಗಿದ್ದ ಚಿಂತೆ ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ತುಟಿ ಚೂಪು ಮಾಡಿದರೆ ತಾನು ಹೇಗೆ ಕಾಣುತ್ತೇನೆ? ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯ ಮುಂದೆ ಒಮ್ಮೆ ಮಾಡಿ ನೋಡಿದ್ದಳು. ನೀರಿನಿಂದ ತೆಗೆದ ಮೀನಿಗೂ ಅದಕ್ಕಿಂತ ಗಾಂಭೀರ್ಯವಿರುತ್ತದೆ ಅನ್ನಿಸಿತ್ತು.

ಎದೆರೋಗದ ಆ ವಾರ್ಡಿನಲ್ಲಿ ಮಾತ್ರೆ, ಇಂಜೆಕ್ಷನ್ ನೋಡಿಕೊಳ್ಳಲು ಬೇರೆಯವರಿದ್ದರು. ಔಷಧಿಯಿಲ್ಲದೆ ಮಾಡುವ ಉಪಚಾರವನ್ನೆಲ್ಲ ಇವಳ ತಲೆಗೆ ಕಟ್ಟಿದ್ದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸುವುದು, ಮುಂದೆ ಮೇಜಿಟ್ಟು ಅದರ ಮೇಲೆ ಮೊಣಕೈ ಊರಿಸಿ ಬಾಗಿಸುವುದು, ಮುಖಕ್ಕೆ ಗಾಳಿ ತಾಗುವಂತೆ ಪುಟ್ಟ ಫ್ಯಾನು ತಿರುಗಿಸುವುದು. ಇದಕ್ಕೆಲ್ಲ ಮಾತು ಬೇಡ. ಹಾಗಾಗಿ ದಿಂಬಿನ ವಿಷಯದಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲಿ ತಮ್ಮ ಅವಳನ್ನು ‘ಮುಟ್ಟಿದರೆ ಮುನಿ’ ಎಂದೇ ಕರೆಯುತ್ತಿದ್ದ. ಅಂಥವಳು ಉಸಿರಾಟದ ಪಾಠವನ್ನೂ ಹೇಳಿಕೊಡಬೇಕಿತ್ತು: ಮೂಗಿನಿಂದ ಎಳೆದುಕೊಂಡು, ತುಟಿ ಚೂಪು ಮಾಡಿ, ಬಿಸಿ ಹಾಲು ಆರಿಸುವ ಹಾಗೆ ನಿಧಾನವಾಗಿ ಊದಿ ಬಿಡಬೇಕು. ಪರೀಕ್ಷೆಯಲ್ಲಿ ಇದರ ಬಗ್ಗೆ ಪುಟಗಟ್ಟಲೆ ಬರೆದು ಚಿತ್ರವನ್ನೂ ಬಿಡಿಸಿದ್ದಳು. ಚಿತ್ರದಲ್ಲಿದ್ದುದು ಬೇರೆಯವರ ತುಟಿ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟೈಲರಮ್ಮ ಇದ್ದರು. ಎದೆ ಕೆಟ್ಟಿದ್ದರೂ ನಾಲಿಗೆ ಮಾತ್ರ ಹೊಸ ಕತ್ತರಿ. ಅವರ ಮನೆ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಷ್ಟು ಉಸಿರು ಹಿಡಿತಕ್ಕೆ ಬಂದರೆ ಮನೆ, ಇಲ್ಲದಿದ್ದರೆ ಊರಾಚೆಯ ಆರೈಕೆ ಕೇಂದ್ರ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಕೇಂದ್ರಕ್ಕೆ ಹೋದ ಅವರ ಅಕ್ಕ ತಿರುಗಿ ಬಂದಿರಲಿಲ್ಲ. ಅದರ ಮಾತೆತ್ತಿದರೆ ಕತ್ತರಿಯೂ ಸುಮ್ಮನಾಗುತ್ತಿತ್ತು.

ಪಾಠದ ದಿನ ವಾರ್ಡಿಗೆ ವಾರ್ಡೇ ನಾಟಕಕ್ಕೆ ಬಂದವರಂತೆ ಇತ್ತ ತಿರುಗಿತು. ಹೊಸ ಸಿಸ್ಟರ್ ಮೂಗಿನಿಂದ ಗಾಳಿ ಎಳೆದುಕೊಂಡಳು. ಇನ್ನೇನು ಊದಬೇಕು, ಪಕ್ಕದ ಹಾಸಿಗೆಯವಳ ಗಂಡ ಹಣ್ಣು ಸುಲಿಯುವುದನ್ನು ಬಿಟ್ಟು ನೇರ ಅವಳ ಬಾಯನ್ನೇ ನೋಡಿದ. ಅವಳ ಕೈ ತಾನಾಗಿಯೇ ಮೇಲೆದ್ದು, ಎಂದಿನಂತೆ ಕಿರುಬೆರಳು ಎತ್ತಿಕೊಂಡು, ಬಾಯಿಗೆ ಅಡ್ಡ ಬಂತು. ಅಂಗೈಯ ಹಿಂದೆ ಅವಳು ಬಲು ಚೆನ್ನಾಗಿಯೇ ಊದಿದಳು. ಆ ಕಲೆಯನ್ನು ಕಂಡದ್ದು ಅಂಗೈ ಒಂದೇ.

“ಹೀಗೇ ತಾನೇ ಮಗಳೇ?” ಎಂದು ಟೈಲರಮ್ಮ ಮಾಡಿ ತೋರಿಸಿದರು. ಅವಳು ತನ್ನ ಚಪ್ಪಲಿಯನ್ನು ಪರೀಕ್ಷಿಸುತ್ತ, ಸರಿಯಾಗಿದೆ ಎಂದು ಪಿಸುಗುಟ್ಟಿ ಕಾಲ್ತೆಗೆದಳು.

ಅಲ್ಲಿಂದ ಟೈಲರಮ್ಮನ ಏದುಸಿರು ಕಡಿಮೆಯಾಗುವ ಬದಲು ಹೆಚ್ಚಾಯಿತು. ಬಾಗಿಲ ತನಕ ನಡೆಯುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದರು. ಹೇಳಿದ್ದು ಕೇಳದ ಹಠಮಾರಿ ಎಂದು ವಾರ್ಡಿನ ಉಸ್ತುವಾರಿಯ ದೊಡ್ಡ ಸಿಸ್ಟರ್ ಗದರಿದರೆ, “ತೋರಿಸಿದ ಹಾಗೇ ಮಾಡ್ತಿದೀನಮ್ಮ, ನಾನು ಅಳತೆ ತಪ್ಪೋಳಲ್ಲ” ಎನ್ನುತ್ತಿದ್ದರು. ಹೊಸ ಸಿಸ್ಟರ್ ತನಗೆ ಗೊತ್ತಿದ್ದ ಪಾಂಡಿತ್ಯವನ್ನೆಲ್ಲ ಖರ್ಚು ಮಾಡಿ ಇನ್ನೊಂದು ದಿಂಬು ತಂದಿಟ್ಟಳು. ದಿಂಬು ಗುಡ್ಡವಾಯಿತು, ಉಸಿರು ಇದ್ದಲ್ಲೇ ಇತ್ತು.

ತೀರ್ಮಾನದ ಬೆಳಿಗ್ಗೆ ಡಾಕ್ಟರು ಬಂದರು. ಟೈಲರಮ್ಮ ಬಾಗಿಲ ತನಕ ನಡೆದು, ಮರಳಿ ಬಂದು, ಮೇಜಿನ ಮೇಲೆ ಬಾಗಿದರು. ಮಡಿಸಿದ ಹೊದಿಕೆ ಹಿಡಿದು ನಿಂತಿದ್ದ ಹೊಸ ಸಿಸ್ಟರ್ ಅಂದು ಮೊದಲ ಬಾರಿಗೆ ಚಪ್ಪಲಿ ನೋಡುವುದನ್ನು ಬಿಟ್ಟು ರೋಗಿಯನ್ನು ನೋಡಿದಳು. ಟೈಲರಮ್ಮ ಮೂಗಿನಿಂದ ಉಸಿರೆಳೆದರು. ಆಮೇಲೆ ಬಲಗೈ ಎತ್ತಿ, ಬಹಳ ಶ್ರದ್ಧೆಯಿಂದ, ಬಾಯಿ ಮುಚ್ಚಿಕೊಂಡರು. ಉಸಿರು ಒಳಗೇ ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತು. ಹೊಸ ಸಿಸ್ಟರ್ ಅಂದು ಕಿರುಬೆರಳು ಎತ್ತಿಕೊಂಡಿದ್ದನ್ನೂ ಅವರು ಬಿಡದೆ ಕಲಿತಿದ್ದರು.

ಅದು ತನ್ನದೇ ಪಾಠ ಎಂದು ಹೊಸ ಸಿಸ್ಟರಿಗೆ ಗೊತ್ತಾಯಿತು. ಆದರೂ ಅವಳ ಬುದ್ಧಿ ಮೊದಲು ಓಡಿದ್ದು ತಪ್ಪಿಸಿಕೊಳ್ಳುವ ದಾರಿಗೇ: ಸಂಜೆ ಯಾರೂ ಇಲ್ಲದಾಗ ಮೆಲ್ಲಗೆ ತಿದ್ದಿದರಾಯಿತಲ್ಲ?

ಅಷ್ಟರಲ್ಲಿ ದೊಡ್ಡ ಸಿಸ್ಟರ್, ಪಾಠ ಹೇಳಿಕೊಟ್ಟಾಗಿದೆ, ಈಯಮ್ಮ ಕಲಿಯಲಿಲ್ಲ ಎಂದು ಒಪ್ಪಿಸಿಬಿಟ್ಟರು. ಡಾಕ್ಟರು ಪೆನ್ನು ತೆಗೆದರು. ಟೈಲರಮ್ಮ ನೋಡಿದ್ದು ಡಾಕ್ಟರನ್ನಲ್ಲ. ಕೈ ಬಾಯ ಮೇಲಿಟ್ಟುಕೊಂಡೇ, ಸರಿಯಾಗಿದೆಯಾ ಎಂಬಂತೆ, ಇವಳನ್ನು ನೋಡಿದರು.

ಹೊದಿಕೆ ನೆಲಕ್ಕೆ ಬಿತ್ತು. ಅವಳು ಅವರ ಎದುರು ಬಾಗಿ ಮೂಗಿನಿಂದ ಗಾಳಿ ಎಳೆದುಕೊಂಡಳು. ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗೆಳೆದಳು. ವಾರ್ಡಿನ ಎದುರಿಗೇ ತುಟಿ ಚೂಪು ಮಾಡಿ, ಥೇಟು ಮೀನಿನಂತೆ, ಉದ್ದಕ್ಕೆ ಊದಿದಳು. ಟೈಲರಮ್ಮನ ಕಣ್ಣು ಅರಳಿತು. ಅವರೂ ಕೈ ಇಳಿಸಿ ಊದಿದರು. ಮತ್ತೆ ಊದಿದರು. ಮುಖಕ್ಕೆ ಮೆಲ್ಲಗೆ ಬಣ್ಣ ಬಂತು.

“ನೀವಿದ್ದೀರಿ ಅಂತ ಈಗ ಮಾಡಿದ್ರು ಸರ್. ಮನೇಲಿ ಮಾಡಲ್ಲ, ಹಠ,” ಎಂದರು ದೊಡ್ಡ ಸಿಸ್ಟರ್. ಡಾಕ್ಟರ ಪೆನ್ನು ಕಾಗದದತ್ತ ಇಳಿಯಿತು.

“ಹಠ ಅಲ್ಲ ಸರ್,” ಎಂದಳು ಹೊಸ ಸಿಸ್ಟರ್. ಆ ದನಿ ಎಲ್ಲಿಂದ ಬಂತೋ, ಹಣ್ಣು ಸುಲಿಯುವವನ ಚಾಕು ನಿಂತಿತು. “ಅವರು ನಾನು ತೋರಿಸಿದ ಹಾಗೇ ಮಾಡಿದ್ರು. ನನಗೆ ನಾಚಿಕೆ ಆಯ್ತು, ಬಾಯಿ ಮುಚ್ಕೊಂಡು ತೋರಿಸಿದ್ದೆ.” ಡಾಕ್ಟರು ಕೇಂದ್ರದ ಹೆಸರು ಬರೆಯದೆ ಪೆನ್ನು ಮುಚ್ಚಿದರು.